ಆದಿತ್ಯವಾರ ಬಾವಿಗಿಳಿದ ಸಾಲ್ವದೋರ್

ಬೆಳಗಿನ ಆರು ಗಂಟೆ. ಮೂಡುಬಿದಿರೆಯಿಂದ ಎರಡು ಮೈಲಿ ಆಚೆ, ಶಾಲೆಯೊಂದರ ಹಿತ್ತಲಲ್ಲಿ ಅರ್ಧ ತೋಡಿದ ಬಾವಿ. ಸಾಲ್ವದೋರ್ ಪಿರೇರಾ ಮೊದಲು ಲಾಟೀನು ಇಳಿಸುತ್ತಾರೆ. ದೀಪ ಆರುವುದಿಲ್ಲ, ಕೆಳಗೆ ಗಾಳಿ ಇದೆ ಎಂದರ್ಥ. ಸೊಂಟಕ್ಕೆ ಹಗ್ಗ ಬಿಗಿದು, ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಬಾವಿಯಂಚಿನಲ್ಲಿ ಸುಮ್ಮನೆ ಕೂತುಬಿಡುತ್ತಾರೆ.

ಹೆದರಿಕೆಯೇ ಎಂದು ಕೇಳುತ್ತೇನೆ.

"ಇಲ್ಲ ಸ್ವಾಮೀ, ಆಯಾಸ. ನಿನ್ನೆಯದ್ದೇ ಇನ್ನೂ ಇಳಿದಿಲ್ಲ."

ಹಗ್ಗದ ಇನ್ನೊಂದು ತುದಿ ಅಬ್ಬಾಸನ ಕೈಯಲ್ಲಿದೆ. ಇಬ್ಬರದೂ ಹದಿನೇಳು ವರ್ಷದ ಜೊತೆ. "ಮೇಲೆ ದೇವರಿದ್ದಾನೆ, ಅವನಿಗಿಂತ ಸ್ವಲ್ಪ ಕೆಳಗೆ ಅಬ್ಬಾಸ್ ಇದ್ದಾನೆ. ಇಬ್ಬರೂ ಇದುವರೆಗೆ ಕೈ ಬಿಟ್ಟದ್ದಿಲ್ಲ," ಎನ್ನುತ್ತಾ ಸಾಲ್ವದೋರ್ ಕತ್ತಲೆಗೆ ಇಳಿಯುತ್ತಾರೆ.

ಅವರಿಗೀಗ ಐವತ್ತೊಂದು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ತೋಡಿದ ಬಾವಿಗಳು ಇನ್ನೂರರ ಹತ್ತಿರ. ಗಟ್ಟಿ ಕೆಂಪು ಮುರಕಲ್ಲು ಸಿಕ್ಕಿದರೆ ದಿನಕ್ಕೆ ಎರಡು ಅಡಿ, ಮೆದು ಮಣ್ಣಾದರೆ ನೂರಿಪ್ಪತ್ತು ಬುಟ್ಟಿ. ವಾರಕ್ಕೆ ಆರು ದಿನ ಮಾತ್ರ. ಆದಿತ್ಯವಾರ ಪೂಜೆ, ವಿಶ್ರಾಂತಿ. ತಾಯಿ ಹೇಳಿಕೊಟ್ಟ ದೇವರ ಕಟ್ಟಳೆ ಅದು; ಅವರು ಮುರಿದವರಲ್ಲ.

ಎರಡು ವರ್ಷದ ಹಿಂದೆ, ೧೯೫೯ರ ಏಪ್ರಿಲಿನಲ್ಲಿ, ಮಡಂತ್ಯಾರಿನ ಭರತರಾಜರ ಬಾವಿ ಬತ್ತಿತ್ತು. ಹತ್ತು ದಿನಕ್ಕೆ ಮಗಳ ಮದುವೆ. "ಆದಿತ್ಯವಾರವೂ ಕೆಲಸ ಆಗಬೇಕು," ಎಂದರು. ಸಾಲ್ವದೋರ್ ಆಗುವುದಿಲ್ಲವೆಂದರು. ಕೆಲಸ ಶೀನಪ್ಪನೆಂಬ ಇನ್ನೊಬ್ಬನಿಗೆ ಹೋಯಿತು.

"ಮನೆಯಲ್ಲಿ ಅಕ್ಕಿ ಇಲ್ಲ, ಇವರಿಗೆ ಆದಿತ್ಯವಾರ ಅಂತ ನಾನೇ ಬೈದಿದ್ದೆ," ಎನ್ನುತ್ತಾರೆ ಹೆಂಡತಿ ಕಾರ್ಮಿನ್ ಬಾಯಿ.

ಆ ಆದಿತ್ಯವಾರ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದಾಗ ಭರತರಾಜರೇ ಬರಿಗಾಲಲ್ಲಿ ಇಗರ್ಜಿಯ ಅಂಗಳಕ್ಕೆ ಓಡಿ ಬಂದರು. ಬಾವಿಯ ಗೋಡೆ ಕುಸಿದು ಶೀನಪ್ಪ ಎದೆಯವರೆಗೆ ಮಣ್ಣಿನಲ್ಲಿ ಹೂತಿದ್ದ. ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ.

"ನಾನು ಅಂಗಿ ಹಿಡಿದು ಎಳೆದೆ. ಉಳಿದ ಗೋಡೆಯೂ ಬಿದ್ದರೆ? ಹೋಗಬೇಡಿ ಅಂದೆ," ಎನ್ನುತ್ತಾರೆ ಕಾರ್ಮಿನ್ ಬಾಯಿ.

ಸಾಲ್ವದೋರ್ ಪಾದ್ರಿಗಳ ಮುಖ ನೋಡಿದರಂತೆ. ಇವರು ಬಾಯಿ ತೆರೆಯುವ ಮೊದಲೇ ಪಾದ್ರಿಗಳು "ಓಡು" ಎಂದರು.

ಅಬ್ಬಾಸನಿಗೆ ಹೇಳಿ ಕಳಿಸಿ, ಹಗ್ಗ ಕಟ್ಟಿಕೊಂಡು ಇಳಿದರು. ಹಾರೆ ಹಾಕಿದರೆ ಗೋಡೆ ಅದುರುತ್ತದೆ; ಕೈಯಿಂದ, ತೆಂಗಿನ ಕರಟದಿಂದ ಮಣ್ಣು ಬಗೆದರು. ಮೂರು ಗಂಟೆ. ನಡುವೆ ಮತ್ತೊಂದು ಹೆಂಟೆ ಕಳಚಿ ಎಡಭುಜದ ಮೂಳೆ ಮುರಿಯಿತು. "ಪೊರ್ಬುಗಳೇ, ಮೇಲೆ ಬನ್ನಿ!" ಎಂದು ಅಬ್ಬಾಸ್ ಕೂಗಿದ. ಕಥೋಲಿಕರನ್ನು ಊರಲ್ಲಿ ಕರೆಯುವುದೇ ಹಾಗೆ. ಸಾಲ್ವದೋರ್ ಒಂದೇ ಕೈಯಲ್ಲಿ ಬಗೆಯುತ್ತಲೇ ಇದ್ದರು. ಶೀನಪ್ಪ ಮೊದಲು ಮೇಲೆ ಬಂದ, ಜೀವಂತವಾಗಿ. ಈಗ ಅವನು ಸ್ವಲ್ಪ ಕುಂಟುತ್ತಾನೆ. ಬಾವಿಯ ಕಡೆ ತಲೆ ಹಾಕುವುದಿಲ್ಲ.

"ನನ್ನ ಅವಸರದಿಂದ ಆದದ್ದು," ಎಂದು ಭರತರಾಜರು ಕೈ ಹಿಡಿದು ಅತ್ತರಂತೆ. ಆದರೆ ಸಾಲ್ವದೋರರ ಭುಜ ಕೂಡಲು ನಾಲ್ಕು ತಿಂಗಳು ಹಿಡಿಯಿತು. ಶೀನಪ್ಪನ ತಾಯಿ ಕಾವೇರಮ್ಮ ವಾರಕ್ಕೊಮ್ಮೆ ನಡೆದು ಬಂದು, ಒಂದು ಸೇರು ಅಕ್ಕಿ ಇವರ ಜಗಲಿಯಲ್ಲಿಟ್ಟು ಹೋಗುತ್ತಿದ್ದಳು.

ಆಗ ದೇವರ ಮೇಲೆ ಸಿಟ್ಟು ಬರಲಿಲ್ಲವೇ?

"ಬಂತು. ನಿನ್ನ ಮಾತು ಕೇಳಿದ್ದಕ್ಕೆ ಸಿಕ್ಕಿದ್ದು ಇದಾ ಅಂತ ಕೇಳಿದೆ. ತುಂಬಾ ದಿನ ಪ್ರಾರ್ಥನೆಯಲ್ಲಿ ಅದೊಂದೇ ಇದ್ದದ್ದು. ಉತ್ತರ ಬರಲಿಲ್ಲ. ಆದರೂ ಸಂಜೆಯಾದರೆ ಮೊಣಕಾಲೂರ್ತಿದ್ದೆ. ವಿಶ್ವಾಸ ಅಂದರೆ ನನಗೆ ಅಷ್ಟೇ ಗೊತ್ತುಂಟು."

ಮಧ್ಯಾಹ್ನ ಮೇಲೆ ಬಂದಾಗ ಅವರ ಕಣ್ಣುರೆಪ್ಪೆಯವರೆಗೆ ಕೆಂಪು ಮಣ್ಣು. ಭುಜ ನೀವಿಕೊಳ್ಳುತ್ತಾ ಗಂಜಿಯ ಮುಂದೆ ಕೂರುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ.

"ಪೂಜೆಗೆ ತಪ್ಪದೆ ಹೋಗ್ತೇನೆ ಸ್ವಾಮೀ. ಆದರೆ ಬೆಂಚಿನಲ್ಲಿ ಕೂತ ಕೂಡಲೇ ನಿದ್ದೆ. ಒಂದು ಆದಿತ್ಯವಾರವಾದರೂ ಪಾದ್ರಿಗಳ ಉಪದೇಶದ ಪ್ರಸಂಗವನ್ನು ಕೊನೆಯವರೆಗೆ ಎಚ್ಚರವಾಗಿದ್ದು ಕೇಳಬೇಕು ಅಂತ ಉಂಟು. ಏನು ಹೇಳ್ತಾರೆ ಅಂತಲೇ ನನಗೆ ಸರಿಯಾಗಿ ಗೊತ್ತಿಲ್ಲ."