ಎಂಬತ್ತಕ್ಕೆ ನಡುಗುವ ಕಾರು

ಬೀದರಿನಿಂದ ಭಾಲ್ಕಿಗೆ ಹೋಗುವ ರಸ್ತೆಯ ಅಂಚಿನಲ್ಲಿ ಗಾಲಿಗಳ ಸಮತೂಕ ಸರಿಪಡಿಸುವ ಅಂಗಡಿ ಇಟ್ಟುಕೊಂಡಿರುವ ಮಚ್ಛೇಂದ್ರನಿಗೆ ನಲವತ್ತಾರು ವರ್ಷ. ಹುಟ್ಟಿದ್ದು ಕಮಠಾಣದಲ್ಲಿ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಮೇಷ್ಟ್ರಾಗುವ ಪರೀಕ್ಷೆಯನ್ನು ಎರಡು ಸಲ ಬರೆದು, ಮೂರನೆಯ ಸಲದ ಅರ್ಜಿಯನ್ನು ಹರಿದು ಹಾಕಿ, ಭಾಲ್ಕಿಯ ಮುಜೀಬೋದ್ದೀನ ಉಸ್ತಾದರ ಗ್ಯಾರೇಜಿನಲ್ಲಿ ಏಳು ವರ್ಷ ಕೆಲಸ ಕಲಿತವನು. ಗ್ರೀಸು, ಸಗಣಿ, ಇಂಜಿನ್ನಿನೊಳಗೆ ಸತ್ತ ಇಲಿ, ಇವು ಯಾವುವೂ ಅವನನ್ನು ಕದಲಿಸುವುದಿಲ್ಲ. ಕಾರಣ ತಿಳಿಯುವ ಮೊದಲೇ ಕೈ ಹಾಕುವವರನ್ನು ಕಂಡರೆ ಮಾತ್ರ ಅವನಿಗೆ ಹೇಸಿಗೆ. ಇಂಜಿನ್ ಕಾದರೆ ಬಂಪರಿಗೆ ನಿಂಬೆಹಣ್ಣು ಕಟ್ಟುವವರು, ಹಾರನ್ನು ಕೂಗದಿದ್ದರೆ ಹೊಸ ಬ್ಯಾಟರಿ ಕೊಳ್ಳುವವರು, ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ನೋಡಿ ರೋಗದ ಹೆಸರನ್ನು ತಾವೇ ಹೇಳಿಕೊಂಡು ಬರುವವರು. ದಿನಕ್ಕೆ ಇಂಥ ಹತ್ತು ಜನರನ್ನು ನೋಡಿ ನೋಡಿ ಅವನ ಮೇಲ್ದುಟಿ ಒಂದು ಬದಿಗೆ ಶಾಶ್ವತವಾಗಿ ಸೊಟ್ಟಗಾಗಿದೆ.

ಫೆಬ್ರುವರಿಯ ಒಂದು ಮುಂಜಾನೆ ಅಂಗಡಿಯ ಮುಂದೆ ಹಳದಿ ಬಣ್ಣದ, ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರೊಂದು ಬಂದು ನಿಂತಿತು. ಇಪ್ಪತ್ತೆರಡು ವರ್ಷ ಹಳೆಯದು. ಹೈದರಾಬಾದಿನಲ್ಲಿ ಯಾರೋ ಸಾಕಾಗಿ ಮಾರಿದ್ದು. ಸ್ಟಿಯರಿಂಗಿನ ಹಿಂದಿದ್ದವನು ಭಾಲ್ಕಿಯ ಶಿವಕಾಂತ, ಅತ್ತರಿನ ವಾಸನೆ ಅವನಿಗಿಂತ ಮೊದಲು ಇಳಿಯಿತು. ಪಕ್ಕದ ಸೀಟಿನಿಂದ ಮಂಡಿ ಹಿಡಿದುಕೊಂಡು ಇಳಿದವರು ಮುಜೀಬೋದ್ದೀನ ಉಸ್ತಾದ.

ಶಿವಕಾಂತನ ತಂದೆ ಹಣಮಂತಪ್ಪ ಮೂವತ್ತು ವರ್ಷದ ಹಿಂದೆ ಭಾಲ್ಕಿಯ ತಮ್ಮ ಮಳಿಗೆಯ ಮೂಲೆಯೊಂದನ್ನು ಉಸ್ತಾದರಿಗೆ ಬಿಟ್ಟುಕೊಟ್ಟು, ಕೈ ನೆಟ್ಟಗಿರುವ ತನಕ ಈ ಜಾಗ ನಿಮ್ಮದೇ ಎಂದು ನಾಲ್ಕು ಜನರ ಮುಂದೆ ಮಾತು ಕೊಟ್ಟಿದ್ದರು. ತಂದೆ ತೀರಿಕೊಂಡ ಮೇಲೆ ಮಗನ ಕಣ್ಣು ಆ ಮೂಲೆಯ ಮೇಲೆ ಬಿದ್ದಿತ್ತು. ಆದರೆ ಮಾತು ಮುರಿದವನೆಂಬ ಹೆಸರು ಬೇಕಿರಲಿಲ್ಲ. ಈಗ ನೆಪ ಸಿಕ್ಕಿತ್ತು. ಕಾರಿನ ಸ್ಟಿಯರಿಂಗು ನಡುಗುತ್ತದೆಂದು ಉಸ್ತಾದರ ಬಳಿ ಒಯ್ದಿದ್ದ. ವಿಡಿಯೊ ನೋಡಿ, ಸ್ಟಿಯರಿಂಗನ್ನು ಗಾಲಿಗೆ ಕೂಡಿಸುವ ಟೈ ರಾಡಿನ ತುದಿಗಳನ್ನು ಬದಲಿಸಿರೆಂದು ತಾನೇ ಹಟ ಹಿಡಿದು ಹಾಕಿಸಿದ್ದ. ನಡುಕ ಹೋಗಲಿಲ್ಲ. ಆದ್ದರಿಂದ ಉಸ್ತಾದರ ಕೈ ಕೆಟ್ಟಿದೆ ಎಂಬುದು ಅವನ ತೀರ್ಮಾನ.

“ನೋಡ್ರಿ ಮಿಸ್ತ್ರಿ, ನೀವು ಇವರ ಶಿಷ್ಯ ಅಂತ ಭಾಲ್ಕಿಗೆಲ್ಲ ಗೊತ್ತದ. ನೀವೇ ಹೇಳಿದ್ರ ಯಾರೂ ಇಲ್ಲನ್ನಲ್ಲ. ಇವರ ಕೈ ಹೋಗ್ಯಾದ ಅಂತ ಒಂದ್ ಮಾತು ಇವರ ಮುಂದ ಹೇಳಿಬಿಡ್ರಿ.”

“ಮೊದಲ ಗಾಡಿ ಏನ್ ಹೇಳ್ತದ ಕೇಳ್ತೇನ್ರಿ,” ಎಂದ ಮಚ್ಛೇಂದ್ರ. ಉಸ್ತಾದರ ಮುಖ ನೋಡಲಿಲ್ಲ.

ಶಿವಕಾಂತನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಭಾಲ್ಕಿ ರಸ್ತೆಯಲ್ಲಿ ಕಾರು ಬಿಟ್ಟ. ಎಪ್ಪತ್ತರವರೆಗೆ ಏನೂ ಇಲ್ಲ. ಎಂಬತ್ತಕ್ಕೆ ಸ್ಟಿಯರಿಂಗು ಚಳಿಜ್ವರ ಬಂದವನ ಹಾಗೆ ನಡುಗತೊಡಗಿತು. ನೂರೈದಕ್ಕೆ ಮತ್ತೆ ಶಾಂತ. ಬ್ರೇಕು ಒತ್ತಿದರೆ ನಡುಕ ಹೆಚ್ಚಲಿಲ್ಲ; ಅಂದರೆ ಡಿಸ್ಕು ಸೊಟ್ಟಗಿಲ್ಲ. ಗೇರು ಬಿಡಿಸಿ ಸುಮ್ಮನೆ ಉರುಳಬಿಟ್ಟಾಗಲೂ ಎಂಬತ್ತರ ಹತ್ತಿರ ಅದೇ ನಡುಕ, ಅಂದರೆ ಇಂಜಿನ್ನಿನದಲ್ಲ. ಸೀಟು ಅಲುಗದೆ ಕೈ ಮಾತ್ರ ಅಲುಗುತ್ತಿದ್ದುದರಿಂದ ತೊಂದರೆ ಮುಂದಿನ ಗಾಲಿಯದು. ಒಂದು ವೇಗದಲ್ಲಿ ಹುಟ್ಟಿ ಇನ್ನೊಂದರಲ್ಲಿ ಸಾಯುವ ನಡುಕ ಸಾಮಾನ್ಯವಾಗಿ ತೂಕ ತಪ್ಪಿದ ಗಾಲಿಯದೇ ಆಗಿರುತ್ತದೆ. ಉಸ್ತಾದರ ತಪ್ಪಲ್ಲವೆಂದು ಮಚ್ಛೇಂದ್ರನಿಗೆ ಒಳಗೊಳಗೇ ಸಂತೋಷವಾಯಿತು. ಸಂತೋಷವಾದದ್ದಕ್ಕಾಗಿಯೇ ಅವನು ತನ್ನ ಊಹೆಯನ್ನು ನಂಬಲಿಲ್ಲ.

ಅಂಗಡಿಗೆ ಬಂದು ಜಾಕು ಹಚ್ಚಿ ಮುಂದಿನ ಬಲಗಾಲಿ ಬಿಚ್ಚಿ ಮಗುಚಿದ. ರಿಮ್ಮಿನ ಒಳಮೈಯ ಒಂದು ಬದಿಗೆ ಅಂಗೈಯಗಲದ ಕಪ್ಪು ಹೆಕ್ಕಳಿಕೆ ಅಂಟಿಕೊಂಡಿತ್ತು. ಯಂತ್ರಕ್ಕೆ ಏರಿಸಿ ತಿರುಗಿಸಿದರೆ ನೂರಮೂವತ್ತು ಗ್ರಾಂ ವ್ಯತ್ಯಾಸ. ಉಳಿಯಿಂದ ಕೆತ್ತತೊಡಗಿದ. ಎರೆಮಣ್ಣೇನೋ ಹೌದು, ಆದರೆ ಬರಿಯ ಮಣ್ಣು ಇಷ್ಟು ಗಟ್ಟಿಯಾಗುವುದಿಲ್ಲ. ಎರಡನೆಯ ಏಟಿಗೆ ಅದು ಸೀಳಿ, ಹುಳಿತ ಗಂಜಿಯ ಕಮಟು ನೇರ ಮೂಗಿಗೆ ಬಡಿಯಿತು. ಸೀಳಿನೊಳಗೆ ಅವರೆಕಾಳಿನ ಸಿಪ್ಪೆ, ಕೊಳೆತ ಚೆಂಡುಹೂವಿನ ಎಸಳು. ಗ್ರೀಸಿಗೆ ಹೇಸದವನು ಮುಖ ತಿರುಗಿಸಿ ಉಗುಳಿದ.

“ಎಳ್ಳಮಾಸಿಗೆ ಎಲ್ಲಿಗಿ ಹೋಗಿದ್ರಿ ಸಾವ್ಕಾರ್ರ?”

ಔರಾದದ ಹೊಲಕ್ಕೆ, ಎಂದ ಶಿವಕಾಂತ. ಎಳ್ಳಮಾವಾಸ್ಯೆಯಂದು ಈ ಸೀಮೆಯವರೆಲ್ಲ ಹೊಲಕ್ಕೆ ಹೋಗಿ, ಅಂಬಲಿ ಮತ್ತು ಕಾಳು-ಸೊಪ್ಪಿನ ಭಜ್ಜಿಯನ್ನು ಬೆಳೆಯ ಮೇಲೆ ಚರಗವೆಂದು ಚೆಲ್ಲಿ, ಕೂತು ಉಣ್ಣುತ್ತಾರೆ. ಬೀಗರೆಲ್ಲ ನೋಡಲೆಂದು ಶಿವಕಾಂತ ಕಾರನ್ನು ಹೊಲದೊಳಗೇ ಇಳಿಸಿದ್ದ. ನೀರುಣಿಸಿದ ಸಾಲಿನಲ್ಲಿ ಬಲಗಾಲಿ ಹೂತಿತ್ತು. ಹೂತದ್ದು ಅಪಶಕುನವೆಂದು ಯಾರೋ ಅಂದರು. ಆಗ ಭೂಮಿಗೆ ಚೆಲ್ಲುವ ಚರಗವನ್ನು ಗಾಲಿಗೂ ಚೆಲ್ಲಿಸಿದ್ದ, ಎರಡು ತಂಬಿಗೆ. ಜೋಳದ ಹಿಟ್ಟಿನ ಅಂಬಲಿ ಎರೆಮಣ್ಣಿನೊಂದಿಗೆ ಕಲಸಿ, ಬ್ರೇಕಿನ ಬಿಸಿಗೆ ಬೆಂದು, ಸಿಮೆಂಟಾಗಿತ್ತು. ನೀರಿನ ಪೈಪು ಹಿಡಿದು ತೊಳೆದಾಗ ಹೊರಮೈ ಮಾತ್ರ ಮಿಂಚಿತ್ತು.

ಕೆತ್ತಿ ಮುಗಿಸಿ ಮತ್ತೆ ತಿರುಗಿಸಿದರೆ ಯಂತ್ರ ಹತ್ತು ಗ್ರಾಂ ತೋರಿಸಿತು. ಉಸ್ತಾದರು ಮೊದಲ ಸಲ ನಕ್ಕರು. “ಗಾಡಿಗಿ ಊಟ ಹಾಕ್ಯಾರ ನೋಡು ಬೇಟಾ. ಜೀರ್ಣ ಆಗಿಲ್ಲ.”

ಶಿವಕಾಂತ ನಗಲಿಲ್ಲ. ಕಾರು ಸರಿಯಾದ ಸುಖಕ್ಕಿಂತ ಮೂಲೆ ಕೈತಪ್ಪಿದ ಕಹಿ ಅವನ ಮುಖದ ಮೇಲೆ ಒಡೆದು ಕಾಣುತ್ತಿತ್ತು. ಮಚ್ಛೇಂದ್ರ ಗಾಲಿ ಕೂಡಿಸಲೆಂದು ಬಗ್ಗಿದ.

ಆಗ ಕಂಡಿತು. ಹೊಸದಾಗಿ ಹಾಕಿದ ಟೈ ರಾಡಿನ ತುದಿ, ಅದರ ಹಲ್ಲುಹಲ್ಲಿನ ನಟ್ಟು, ಆ ಹಲ್ಲುಗಳ ನಡುವೆ ಖಾಲಿ ತೂತು. ನಟ್ಟು ಬಿಚ್ಚಿಕೊಳ್ಳದಂತೆ ಆ ತೂತಿನಲ್ಲಿ ಒಂದು ಪಿನ್ನು ಸೇರಿಸಿ ಕಾಲು ಮಡಚಬೇಕು. ಪಿನ್ನು ಇರಲಿಲ್ಲ. ನಟ್ಟು ಆಗಲೇ ಅರ್ಧ ಸುತ್ತು ಸಡಿಲಾಗಿತ್ತು. ನಡುಕಕ್ಕೆ ಅದು ಕಾರಣವಲ್ಲ. ಆದರೆ ನಡುಕ ಅದನ್ನು ದಿನವೂ ಸಡಿಲಿಸುತ್ತಿತ್ತು. ಪೂರ್ತಿ ಬಿಚ್ಚಿದ ದಿನ ಗಾಲಿ ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಅದರ ಮೇಲೆ ಈಗಷ್ಟೇ ತಾನು ನೂರೈದರ ವೇಗದಲ್ಲಿ ಹೋಗಿ ಬಂದಿದ್ದ. ಅದನ್ನು ಹಾಕಿದ ಉಸ್ತಾದರೇ ಭಾಲ್ಕಿಯಿಂದ ನಲವತ್ತು ಕಿಲೋಮೀಟರು ಇದೇ ಕಾರಿನಲ್ಲಿ ಕುಳಿತು ಬಂದಿದ್ದರು.

ಪಿನ್ನುಗಳ ಡಬ್ಬಿ ಕೈಯಳತೆಯಲ್ಲಿತ್ತು. ಇಬ್ಬರಿಗೂ ಅವನ ಬೆನ್ನಷ್ಟೇ ಕಾಣುತ್ತಿತ್ತು. ಒಂದು ಪಿನ್ನು ಸೇರಿಸಿ ಮಡಚಲು ಹತ್ತು ಉಸಿರು ಸಾಕು. ಉಸ್ತಾದರ ಮೂಲೆ ಉಳಿಯುತ್ತದೆ. ಕೈ ಡಬ್ಬಿಯವರೆಗೆ ಹೋಯಿತು ಕೂಡ. ಬೇಕಾದ ಅಂಶ ಇಟ್ಟುಕೊಂಡು ಬೇಡವಾದದ್ದನ್ನು ಮುಚ್ಚುವ ಜನರ ಮೇಲೆ ಇಷ್ಟು ವರ್ಷ ಉಗುಳಿದ ಬಾಯಿಯಲ್ಲಿ ಈಗ ಅದೇ ಕಮಟು ಊರಿತು. ಇವತ್ತು ಈ ಪಿನ್ನಿನ ಮಾತು ಮುಚ್ಚಿಟ್ಟರೆ ಭಾಲ್ಕಿಯಲ್ಲಿ ನಾಳೆ ಇನ್ನೊಂದು ಕಾರಿನಲ್ಲಿ ಇನ್ನೊಂದು ತೂತು.

“ಉಸ್ತಾದ, ಇಲ್ಲಿ ಬರ್ರಿ,” ಎಂದ. ಅವರ ಬೆರಳು ಹಿಡಿದು ತೂತಿನ ಮೇಲೆ ಇಟ್ಟ.

ಬೆರಳು ನಟ್ಟಿನ ಸುತ್ತ ಒಮ್ಮೆ ತಡವಿ ಬಂತು. ಆಮೇಲೆ ಉಸ್ತಾದರು ಅಂಗಿಯ ಕಿಸೆ ತಡಕಿ, ತಂಬಾಕಿನ ಪುಡಿ ಮೆತ್ತಿದ ಒಂದು ಪಿನ್ನು ಹೊರತೆಗೆದರು. ಮಚ್ಛೇಂದ್ರನಿಗೆ ವಿವರಿಸಬೇಕಿರಲಿಲ್ಲ. ಉಸ್ತಾದರ ಕಟ್ಟಳೆ ಅದು: ನಟ್ಟು ಬಿಗಿಯುವಾಗ ಪಿನ್ನು ತುಟಿಗಳ ನಡುವೆ ಇರಬೇಕು, ಅದು ತೂತು ಸೇರುವ ತನಕ ಬಾದಶಹ ಬಂದರೂ ಮಾತಾಡಬಾರದು. ಏಳು ವರ್ಷ ಅವನೂ ಹಾಗೆಯೇ ಮೂಕನಾಗಿ ಬಿಗಿದಿದ್ದ.

“ನಡುವ ಮಾತಾಡೀನಿ,” ಎಂದರು ಉಸ್ತಾದರು, ಶಿವಕಾಂತನ ಕಡೆ ತಿರುಗಿ. “ನಿಮ್ಮ ದೋಸ್ತನ ಫೋನ್ ಬಂತಂತ ನನ್ನ ಕಿವಿಗಿ ಹಿಡದ್ರಲ್ರಿ, ಏನೇನ್ ಹೊಸಾದು ಹಾಕ್ಲತ್ತೀರಿ ಅವಗ ಹೇಳ್ರಿ ಅಂತ. ಪಿನ್ ಬಾಯಿಂದ ತಗದು ಕಿಸೇದಾಗ ಇಟ್ಟೆ. ತಪ್ಪು ಫೋನಿಂದಲ್ಲ. ನಂದು.”

“ಅಂದ್ರ ಕೈ ಹೋಗ್ಯಾದ ಅಂತ ನಾ ಅಂದಿದ್ದು ಖರೇ ಆಯ್ತಲ್ಲ?” ಶಿವಕಾಂತನ ಮುಖಕ್ಕೆ ರಕ್ತ ಮರಳಿತ್ತು.

ನಡುಕ ನಿಮ್ಮ ಅಂಬಲಿಯದು, ಪಿನ್ನು ಇವರದು, ಭಾಲ್ಕಿಯಲ್ಲಿ ಎರಡನ್ನೂ ಹೇಳಿ ಎಂದು ಮಚ್ಛೇಂದ್ರ ಒತ್ತಿ ಹೇಳಿದ. ಆ ಮಾತು ಮುಗಿಯುವಷ್ಟರಲ್ಲಿ ಉಸ್ತಾದರು ಡಬ್ಬಿಯಿಂದ ಹೊಸ ಪಿನ್ನು ತೆಗೆದು ತುಟಿಗೆ ಸಿಕ್ಕಿಸಿಕೊಂಡು ಕೆಳಗೆ ಬಗ್ಗಿದ್ದರು. ನಟ್ಟು ಬಿಗಿದು, ಪಿನ್ನು ಸೇರಿಸಿ, ಕಾಲು ಮಡಚಿ, ಎಡಗಾಲಿಯದನ್ನೂ ಬಿಚ್ಚಿಸಿ ನೋಡಿ ಎದ್ದರು. ಎಡಗಡೆ ಪಿನ್ನು ಇತ್ತು. ಆಮೇಲೆ ಸೊಂಟದಿಂದ ಗ್ಯಾರೇಜಿನ ಕೀಲಿ ಬಿಚ್ಚಿ ಶಿವಕಾಂತನ ಕೈಗಿಟ್ಟರು. ಹಣಮಂತಪ್ಪನವರ ಮಾತು ಇಲ್ಲಿಯತನಕವೇ ಇತ್ತು, ಅಷ್ಟೇ ಅಂದರು. ಶಿವಕಾಂತ ಬೇಡವೆನ್ನುವ ಸೌಜನ್ಯವನ್ನೂ ತೋರಿಸದೆ ಅದನ್ನು ಕಾರಿನ ಕೀಲಿಯ ಗೊಂಚಲಿಗೇ ಸಿಕ್ಕಿಸಿಕೊಂಡು ಹೊರಟ. ಎಂಬತ್ತಕ್ಕೆ ಕಾರು ನಡುಗಲಿಲ್ಲವೆಂದು ದಾರಿಯಿಂದ ಫೋನು ಮಾಡಿದ, ಖುಷಿಯಿಂದ.

ಮಚ್ಛೇಂದ್ರ ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದ. ವಾಸನೆ ಹೋಗಲಿಲ್ಲ. “ನಾ ಸುಮ್ಮನಿರಬೇಕಾಗಿತ್ತೇನ್ರಿ?” ಎಂದು ಕೇಳಿದ.

“ಸುಮ್ಮನಿದ್ದಿದ್ರ ನಿನಗ ಕಲಿಸಿದ ಏಳು ವರ್ಷ ವಾಪಸ್ ಕೇಳ್ತಿದ್ದೆ ಮಗನ,” ಎಂದು ಉಸ್ತಾದರು ಭಾಲ್ಕಿಯ ಬಸ್ಸು ಹತ್ತಿದರು.

ವಾರದೊಳಗೆ ಭಾಲ್ಕಿಯಿಂದ ಸುದ್ದಿ ಬಂತು: ಮುಜೀಬೋದ್ದೀನ ಸ್ಟಿಯರಿಂಗು ಹಾಳು ಮಾಡಿದ್ದನ್ನು ಅವನ ಶಿಷ್ಯನೇ ಹಿಡಿದುಕೊಟ್ಟನಂತೆ. ಅಂಬಲಿಯ ಮಾತು ಯಾರ ಬಾಯಲ್ಲೂ ಇರಲಿಲ್ಲ. ತಾನು ಅಳೆದು ತೂಗಿ ಹೇಳಿದ ಸತ್ಯದ ಅರ್ಧವನ್ನು ಕಡಿದುಕೊಂಡು ಒಬ್ಬ ಅದನ್ನು ಸುಳ್ಳಾಗಿ ತಿರುಗಿಸಿದ್ದ. ಮಚ್ಛೇಂದ್ರ ಅಂದು ಊಟ ಮಾಡಲಿಲ್ಲ. ಮರುದಿನ ಭಾಲ್ಕಿಗೆ ಹೋಗಿ ಉಸ್ತಾದರನ್ನು ಕರೆದುಕೊಂಡು ಬಂದ.

ಈಗ ಅವರು ದಿನಾ ಹತ್ತರ ಬಸ್ಸಿಗೆ ಮಚ್ಛೇಂದ್ರನ ಅಂಗಡಿಗೆ ಕೆಲಸಕ್ಕೆ ಬರುತ್ತಾರೆ. ಮೊನ್ನೆ ಒಬ್ಬ ಗಿರಾಕಿ ಅವರ ತಲೆಯ ಮೇಲೆ ನಿಂತು, ತಾನು ನೋಡಿದ ವಿಡಿಯೊದ ಪ್ರಕಾರ ಯಾವ ಬೇರಿಂಗು ಹೋಗಿದೆಯೆಂದು ಹೇಳುತ್ತ, ಹೌದೋ ಅಲ್ಲವೋ ಎಂದು ಮೂರು ಸಲ ಕೇಳಿದ. ಉಸ್ತಾದರು ನಟ್ಟು ಬಿಗಿಯುತ್ತಲೇ ಇದ್ದರು. ಮಚ್ಛೇಂದ್ರ ಸೊಟ್ಟ ತುಟಿಯಿಂದಲೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಅವರ ಬಾಯಾಗ ಪಿನ್ ಅದರಿ. ಬಾಯಿ ಮುಚ್ಚಿ ನಿಂದರ್ರಿ.”