ಗೌಡರ ಕಣದ ಬಾಸ್ಕೆಟ್‌ಬಾಲು

ನಮ್ಮ ಬಣಕಲ್ಲಿನಲ್ಲಿ ಆರಡಿ ನಾಲ್ಕಿಂಚಿನ ಮೆಕ್ಯಾನಿಕ್ ಒಬ್ಬನೇ, ನಸರುಲ್ಲಾ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಾವ ಎಸ್ಟೇಟಿನಲ್ಲಿ ಕೆಟ್ಟರೂ ಅವನೇ ಬೇಕು. ಸುತ್ತಲಿನ ಮಿಷನ್ ಮನೆಗಳ ಬಾಗಿಲುಗಳಿಗೆಲ್ಲ ಅವನ ಹಣೆಯ ಪರಿಚಯವಿದೆ. ನಾನು ಕಾಫಿ ವ್ಯಾಪಾರಿ, ಮಾಲಿನ ಗುಣ ಹೇಳುವುದೇ ಕಸುಬು. ಆದರೂ ಆಟದ ವಿಷಯದಲ್ಲಿ ಇವನು ಕಳಪೆ ಮಾಲು ಎಂದು ಹದಿನಾರು ವರ್ಷ ನಂಬಿದ್ದೆ. ಅವನೂ ಹಾಗೇ ನಂಬಿದ್ದ.

ನಮ್ಮ ಗುಡ್ಡಗಳಲ್ಲಿ ಕಣ್ಣಿಗೆ ಮಟ್ಟವಾಗಿ ಕಾಣುವ ಸಿಮೆಂಟು ನೆಲ ಎಂದರೆ ಕಾಫಿ ಒಣಗಿಸುವ ಕಣ. ರಂಗನಾಥ ಗೌಡರ ಕಣದ ತುದಿಯಲ್ಲಿ ಕಂಬ ನೆಟ್ಟು, ಬುಡದಿಂದ ಸರಿಯಾಗಿ ಹತ್ತಡಿ ಅಳೆದು ರಿಂಗ್ ಬಿಗಿದವನು ನಸರುಲ್ಲಾ. ಐದು ತಿಂಗಳು ಮಳೆ, ನಾಲ್ಕು ತಿಂಗಳು ಕಾಫಿ, ಮಿಕ್ಕಿದ್ದು ಆಟಕ್ಕೆ. ಅಲ್ಲಿ ಅವನು ದೂರದಿಂದ ಹತ್ತು ಎಸೆದರೆ ಎಂಟು ಒಳಗೆ. ಹದಿನಾರು ವರ್ಷದ ಹಿಂದೆ ಏಷ್ಯನ್ ಗೇಮ್ಸಿನ ಪುರುಷರ ತಂಡಕ್ಕೆಂದು ಬೆಂಗಳೂರಿನಲ್ಲಿ ನಡೆದ ಮೊದಲ ಸುತ್ತಿನ ಆಯ್ಕೆಗೆ ಹೋದಾಗ ಮಾತ್ರ ಹತ್ತರಲ್ಲಿ ಎಂಟು ರಿಂಗಿನ ಮುಂದಿನ ಕಬ್ಬಿಣಕ್ಕೆ ಬಡಿದವು.

"ಕೈ ನಡುಗ್ತು," ಎಂದಿದ್ದ.

"ನೀನು ಗೌಡ್ರ ಕಣದ ಹುಲಿ ಮಾರಾಯ," ಎಂದು ನಾನು ಆಡಿದ ಮಾತು ಊರೆಲ್ಲ ಸುತ್ತಿತು.

ಈ ವರ್ಷ ಅದೇ ಆಯ್ಕೆಗೆ ಅವನ ತಂಗಿ ಜೊಹರಾಳ ಮಗ ದಾನಿಶನಿಗೆ ಕರೆ ಬಂತು. ಮಾವನಷ್ಟೇ ಎತ್ತರ, ಅದೇ ಕಣದಲ್ಲಿ ಕಲಿತವನು. ನಸರುಲ್ಲಾ ಒಂದು ತಿಂಗಳು ಪ್ರತಿ ಬೆಳಗ್ಗೆ ಅವನಿಂದ ನೂರು ಎಸೆತ ಹಾಕಿಸಿದ. "ಇವನ ಕೈ ನಡುಗಬಾರದು ಸೌಕಾರ್ರೇ, ಅಷ್ಟೇ ನಂಗೆ ಬೇಕಾದ್ದು."

ದಾನಿಶ್ ಬಸ್ಸು ಹತ್ತಿದ ಮರುದಿನ ನಾನು ಗೌಡರಲ್ಲಿ ಉಳಿದಿದ್ದ, ಸಿಪ್ಪೆಸಮೇತ ಒಣಗಿಸಿದ ಚೆರಿ ಕಾಫಿಯ ಸ್ಯಾಂಪಲ್ ನೋಡಲು ಹೋಗಿದ್ದೆ. ನಸರುಲ್ಲಾ ಪಲ್ಪರ್ ಬಿಚ್ಚಿಕೊಂಡು ಕೂತಿದ್ದ. ಹೂಮಳೆಯೊಂದು ಅರ್ಧ ಗಂಟೆ ಹೊಡೆದು ನಿಂತಿತು. ಕಣದ ನೀರೆಲ್ಲ ಕಂಬದ ಬುಡಕ್ಕೆ ಹರಿಯುತ್ತಿತ್ತು.

"ನಿನ್ನ ಕಂಬಕ್ಕೆ ಸ್ನಾನ ಆಗ್ತಾ ಉಂಟು ನೋಡು," ಎಂದೆ.

ಅವನು ಸ್ಪ್ಯಾನರ್ ಹಿಡಿದೇ ಎದ್ದ. ನೀರು ನಿಲ್ಲದಿರಲೆಂದು ಕಣಕ್ಕೆ ಇಳಿಜಾರು ಕೊಡುವುದು ಇಲ್ಲಿ ಯಾವ ಮೇಸ್ತ್ರಿಗೂ ಗೊತ್ತು. ಪಲ್ಪರ್ ಕೂರಿಸುವಾಗ ಕೂದಲೆಳೆಯಷ್ಟು ವಾರೆಯನ್ನೂ ಒಪ್ಪದ ನಸರುಲ್ಲಾನಿಗೂ ಗೊತ್ತು; ಕಂಬ ನೆಡುವಾಗ ಮಾತ್ರ ಹೊಳೆದಿರಲಿಲ್ಲ. ಮಟ್ಟ ನೋಡುವ, ನೀರು ತುಂಬಿದ ಟ್ಯೂಬ್ ಹಿಡಿದು ಅಳೆದ. ದೂರದ ಎಸೆತಕ್ಕೆ ನಿಲ್ಲುವ ಜಾಗ ಕಂಬದ ಬುಡಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿತ್ತು. ಅಲ್ಲಿಂದ ಹತ್ತಡಿಗೆ ನಾಲ್ಕು ಬೆರಳು ಕಡಿಮೆಯೇ ಇದ್ದ ರಿಂಗಿಗೆ ಪಳಗಿದ ಕೈ, ಮಟ್ಟದ ನೆಲದಲ್ಲಿ ಚೆಂಡನ್ನು ನಾಲ್ಕು ಬೆರಳು ಕೆಳಗೇ ಹಾಕುತ್ತದೆ.

"ನನ್ನ ಕೈ ನಡುಗಿರ್ಲಿಲ್ಲ," ಎಂದವನೇ ಫೋನು ತೆಗೆದ. ಆರು ಸಲ ಬರೀ ರಿಂಗಾಯಿತು. ಏಳನೆಯದಕ್ಕೆ ದಾನಿಶ್ ಎತ್ತಿದ.

"ನಾಲ್ಕು ಬೆರಳು ಮೇಲೆ ಹಾಕು. ನಮ್ಮ ಕಣ ಇಳಿಜಾರು."

"ಮುಗೀತು ಮಾಮು."

"ಎಷ್ಟು ಹೋಯ್ತು?"

"ಎರಡು. ಮಿಕ್ಕಿದ್ದೆಲ್ಲ ಮುಂದಿನ ಕಬ್ಬಿಣಕ್ಕೆ. ಕೈಯೇನೂ ನಡುಗ್ಲಿಲ್ಲ. ನೀವು ಹೇಳಿಕೊಟ್ಟ ಹಾಗೇ ಹಾಕಿದೆ."

ಕಣವನ್ನು ಮಟ್ಟ ಮಾಡಿಸಲು ಆಗುತ್ತದೆಯೇ ಎಂದು ನಸರುಲ್ಲಾ ಗೌಡರನ್ನು ಕೇಳಿದ.

"ನೀರು ನಿಂತ್ರೆ ಕೊಳೆಯೋದು ನನ್ನ ಕಾಫಿ, ನಿನ್ನ ಚೆಂಡಲ್ಲ," ಎಂದರು ಗೌಡರು. "ರಿಂಗ್ ಏರಿಸ್ಕೋ ಹೋಗು."

ದಾನಿಶ್ ಊರಿಗೆ ಬಂದ ದಿನ ನಸರುಲ್ಲಾ ಏಣಿ ಹತ್ತಿ ರಿಂಗನ್ನು ನಾಲ್ಕು ಬೆರಳು ಏರಿಸಿದ. ದೂರದ ಎಸೆತ ಸರಿಯಾಯಿತು. ಹತ್ತಿರ ಬಂದರೆ ನೆಲ ತಗ್ಗು, ಈಗ ಅಲ್ಲಿಂದ ರಿಂಗ್ ವಿಪರೀತ ಎತ್ತರ. ಮತ್ತೆ ಎರಡು ಬೆರಳು ಇಳಿಸಿದ. ದೂರದ್ದು, ಹತ್ತಿರದ್ದು ಎರಡೂ ಕೆಟ್ಟವು.

ದಾನಿಶ್ ಚೆಂಡನ್ನು ಚೀಲಕ್ಕೆ ಹಾಕಿಕೊಂಡ. "ನಾಳೆಯಿಂದ ಚಿಕ್ಕಮಗಳೂರಿಗೆ ಹೋಗ್ತೇನೆ ಮಾಮು, ಬೆಳಗಿನ ಬಸ್ಸಿಗೆ. ಅಲ್ಲಿ ಸರಿಯಾದ ಕೋರ್ಟ್ ಉಂಟು."

"ನಾನೂ ಬರ್ಲಾ?"

"ಬೇಡ ಮಾಮು."

ನಸರುಲ್ಲಾ ಏಣಿಯ ಮೇಲೆಯೇ ನಿಂತು, ಬಿಚ್ಚಿದ್ದ ನಟ್ಟನ್ನು ಬಿಗಿಯತೊಡಗಿದ. ನಾನು ಕೆಳಗೆ ಏಣಿ ಹಿಡಿದಿದ್ದೆ, ಹಿಡಿದೇ ಇದ್ದೆ.