ರಣಹದ್ದು ಮತ್ತು ಎದುರುಮನೆಯ ತಾರಸಿ

ಕಾಗೆಯನ್ನು ಹಕ್ಕಿಗಳ ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂಬುದು ಮೇಲ್ನೋಟಕ್ಕೆ ಕ್ಷುಲ್ಲಕ ಪ್ರಶ್ನೆ. ಆದರೆ ಲಾಕ್‌ಡೌನಿನ ದಿನಗಳಲ್ಲಿ, ರಾಮನಗರದ ಬಾಡಿಗೆ ಮನೆಯೊಂದರ ತಾರಸಿಯ ಮೇಲೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಒಬ್ಬಳೇ ನಿಂತ ಹೆಣ್ಣಿನ ಪಟ್ಟಿಯಲ್ಲಿ ಕಾಗೆ ಬಿಟ್ಟರೆ ಪಾರಿವಾಳ, ಪಾರಿವಾಳ ಬಿಟ್ಟರೆ ಮತ್ತೆ ಕಾಗೆ ಎಂಬ ಸ್ಥಿತಿ ಇರುವಾಗ, ಅದು ಅಸ್ತಿತ್ವದ ಪ್ರಶ್ನೆಯೇ ಆಗಿಬಿಡುತ್ತದೆ. ನಾನು ಸೇರಿಸಿಕೊಂಡೆ. ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ, ನಗಬೇಡಿ.

ನಾನು ಪಾಠ ಮಾಡುವ ಶಾಲೆ ಮುಚ್ಚಿತ್ತು, ಸಾತನೂರಿನ ಬಸ್ಸು ನಿಂತದ್ದರಿಂದ ಅಮ್ಮನ ಮನೆಯ ದಾರಿಯೂ ಮುಚ್ಚಿತ್ತು. ನನ್ನ ಪಾಲಿಗೆ ಉಳಿದದ್ದು ಎರಡೇ: ಚಿಕ್ಕಪ್ಪನ ಮಗನಿಂದ ತಂದು ಹಿಂದಿರುಗಿಸದ ದುರ್ಬೀನು, ಮತ್ತು ನನ್ನ ಗಂಟಲು. ಈ ಗಂಟಲು ಕೊಂಚ ಕುಖ್ಯಾತವಾದದ್ದು. ಹೆಡ್‌ಮಾಸ್ಟರರ ಕೆಮ್ಮು, ಕಂಡಕ್ಟರನ ಸೀಟಿ, ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ನಡುಗುವ ನನ್ನದೇ ಸ್ವರ, ಎಲ್ಲವನ್ನೂ ಅದು ಯಥಾವತ್ತಾಗಿ ಹೊರಡಿಸಬಲ್ಲದು. ಅಣಕಿಸಲು ಮನುಷ್ಯರೇ ಸಿಗದೆ ಹೋದಾಗ ನಾನು ಹಕ್ಕಿಗಳಿಗೆ ಇಳಿದೆ. ಅಥವಾ, ಗೌರವದಿಂದ ಹೇಳುವುದಾದರೆ, ಏರಿದೆ.

ತಾರಸಿಯಿಂದ ರಾಮದೇವರ ಬೆಟ್ಟದ ಬಂಡೆ ಕಾಣುತ್ತಿತ್ತು. ಅಲ್ಲಿ ಬೆರಳೆಣಿಕೆಯ ರಣಹದ್ದುಗಳಿವೆ. ಮತ್ತೆ ಕರಿಹಲಗೆಗೆ ಮುಖ ಕೊಟ್ಟು ನಿಲ್ಲುವ ಮೊದಲು ಒಂದೇ ಒಂದು ರಣಹದ್ದು ನನ್ನ ದುರ್ಬೀನಿನೊಳಗೆ ಹಾದುಹೋಗಬೇಕು ಎಂಬುದೇ ಆ ದಿನಗಳ ನನ್ನ ಏಕೈಕ ಮಹತ್ವಾಕಾಂಕ್ಷೆ. ಲೋಕ ಅದನ್ನು ಬೇರೆಯಾಗಿ ಅರ್ಥಮಾಡಿಕೊಂಡಿತು. ಮನೆಯ ಮಾಲೀಕರು ಮೆಟ್ಟಿಲ ಮೇಲೆ ಅರ್ಧಕ್ಕೇ ನಿಂತು, ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಹೇಳಿದರು: "ಟೀಚರಮ್ಮ, ತಪ್ಪು ತಿಳ್ಕೋಬ್ಯಾಡಿ. ಅಕ್ಕಪಕ್ಕದೋರು ಕೇಳ್ತಾವ್ರೆ. ಆ ದುರ್ಬೀನು ಒಸಿ ಆಕಾಶದ ಕಡೀಕೆ ಇರ್ಲಿ." ಗಂಡಸು ದುರ್ಬೀನು ಹಿಡಿದರೆ ಹವ್ಯಾಸ, ಹೆಂಗಸು ಹಿಡಿದರೆ ಗೂಢಚರ್ಯೆ! ಅವರು ಕೆಳಗಿಳಿದ ಮೇಲೆ ಅದೇ ಸ್ವರದಲ್ಲಿ ಅದೇ ಮಾತನ್ನು ನೀರಿನ ಟ್ಯಾಂಕಿಗೆ ಒಪ್ಪಿಸಿ ಸಮಾಧಾನಪಟ್ಟುಕೊಂಡೆ.

ನಿಜ ಹೇಳಿಬಿಡುತ್ತೇನೆ, ದುರ್ಬೀನು ಆಕಾಶದ ಕಡೆಗಿಂತ ಹೆಚ್ಚಾಗಿ ಎದುರುಮನೆಯ ಕಡೆಗೇ ಇರುತ್ತಿತ್ತು. ಅದು ರೇಷ್ಮೆ ನೂಲು ತೆಗೆಯುವ ಶಮೀಮ್ ಆಪಾ ಅವರ ಮನೆ. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಬೆಂದ ಹುಳು ಉಳಿಯುತ್ತದಲ್ಲ, ಅದನ್ನು ಕೊಳ್ಳುವ ಲಾರಿ ಆಗ ಬರುತ್ತಿರಲಿಲ್ಲ. ಆಪಾ ಅದನ್ನೆಲ್ಲ ತಾರಸಿಯ ಮೇಲೆ ಹರಡಿ ಒಣಗಿಸುತ್ತಿದ್ದರು. ಅದರ ನಾತವನ್ನು ವರ್ಣಿಸಿ ನಿಮ್ಮ ಊಟ ಕೆಡಿಸಲಾರೆ. ಆದರೆ ಹಕ್ಕಿಲೋಕಕ್ಕೆ ಅದು ಮದುವೆಮನೆಯ ಘಮಲು! ಗೊರವಂಕ, ಬೆಳ್ಳಕ್ಕಿ, ಕಾಜಾಣ, ಕಿರೀಟಧಾರಿ ಚಂದ್ರಮುಕುಟ, ಎಲ್ಲರೂ ಅಲ್ಲಿ ಪಂಕ್ತಿಗೆ ಕೂರುತ್ತಿದ್ದರು. ಹಕ್ಕಿಗಳ ಹೆಸರೂ ಬೇಕಿಲ್ಲದ ಆಪಾ ಪೊರಕೆ ಹಿಡಿದು ಆ ವೈಭವದ ನಡುವೆ ಓಡಾಡುವಾಗ, ಹೆಸರುಗಳನ್ನೆಲ್ಲ ಕಂಠಪಾಠ ಮಾಡಿದ್ದ ನನ್ನ ಹೊಟ್ಟೆಯಲ್ಲಿ ಅವರ ಒಲೆಗಿಂತ ಜೋರಾಗಿ ಬೆಂಕಿ ಉರಿಯುತ್ತಿತ್ತು.

ಹೊಟ್ಟೆಕಿಚ್ಚು ಪ್ರತಿಭೆಯನ್ನು ಬಡಿದೆಬ್ಬಿಸುತ್ತದೆ. ಒಂದು ಬೆಳಿಗ್ಗೆ ಟ್ಯಾಂಕಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಸಣ್ಣ ಹಕ್ಕಿಗಳ ಯಮನಾದ ಬಿಜ್ಜು ಎಂಬ ಡೇಗೆಯ ಕೂಗು ಹಾಕಿದೆ. ಎದುರಿನ ಪಂಕ್ತಿ ಒಂದೇ ಉಸಿರಿಗೆ ಎದ್ದು ಚೆದುರಿತು. ಕಾಜಾಣವೊಂದು ಮಾತ್ರ ಅಲುಗದೆ, ನನ್ನ ದಿಕ್ಕಿಗೊಮ್ಮೆ ನೋಡಿ, ಊಟ ಮುಂದುವರಿಸಿತು. ಪರರ ದನಿ ಕದಿಯುವುದರಲ್ಲಿ ತಾನೂ ನುರಿತ ಹಕ್ಕಿಯದು. ಕಳ್ಳಿಯ ಗುರುತು ಅದಕ್ಕೆ ಹತ್ತದೇ ಇರುತ್ತದೆಯೇ?

ಗುರುತು ಹತ್ತಿದ್ದು ಅದಕ್ಕೊಂದಕ್ಕೇ ಅಲ್ಲ.

"ಅರೆ ಟೀಚರಮ್ಮಾ, ಟ್ಯಾಂಕ್ ಹಿಂದ್ಗಡೆಯಿಂದ ಎದ್ದು ಬಾರಮ್ಮ, ಕಾಲು ನೋವಾಯ್ತದೆ!" ಎಂದು ಆಪಾ ಕೂಗಿದರು.

ಎದ್ದೆ. ಆ ಕ್ಷಣದ ನನ್ನ ಮುಖವನ್ನು ನಾನೇ ಅಣಕಿಸಲಾರೆ.

"ಹಕ್ಕಿ ಓಡ್ಸೋದಾದ್ರೆ ದಿನಾ ಬಂದು ಓಡ್ಸು, ನಂಗೂ ಹುಳ ಉಳೀತದೆ. ಆದ್ರೆ ಯಾಕಮ್ಮಾ, ನಮ್ಮನೆ ಮೇಲೇ ಯಾಕೆ?"

"ಹೊಟ್ಟೆಕಿಚ್ಚು ಆಪಾ. ನಿಮ್ಮನೆಗೆ ಎಲ್ಲಾ ಬತ್ತವೆ, ನಮ್ಮನೆಗೆ ಕಾಗೆ."

ಅವರು ಪೊರಕೆ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ನಕ್ಕರು. ಆಮೇಲೆ ಮೆಲ್ಲಗೆ, "ನಂಗೆ ನಿನ್ ಮ್ಯಾಲೆ ಐತಲ್ಲಮ್ಮ ಹೊಟ್ಟೆಕಿಚ್ಚು. ಒಬ್ಳೇ ಇದ್ದೀಯ, ಹೊತ್ತುಟ್ಟಿದಾಗಿಂದ ಮ್ಯಾಕೆ ನೋಡ್ಕಂಡು ನಿಂತಿರ್ತೀಯ, ಒಬ್ರಾದ್ರೂ ನಿನ್ನ ಟೀ ಕೇಳಲ್ಲ, ರೊಟ್ಟಿ ಕೇಳಲ್ಲ. ನಮ್ಮನೇಲಿ ಎಂಟು ಜನ, ಎಲ್ರೂ ಲಾಕ್‌ಡೌನು, ನಾನೊಬ್ಳೇ ಡ್ಯೂಟಿ. ಇಷ್ಟು ಹಕ್ಕಿ ಬತ್ತವೆ ಅಂತೀಯ, ಯಾವ್ದನ್ನ ನಾನು ನಿಂತು ನೋಡಿವ್ನಿ ಹೇಳು?" ಎಂದರು.

ಒಂಟಿತನವೆಂದು ನಾನು ದಿನವೂ ಫೋನಿನಲ್ಲಿ ಅಮ್ಮನ ಮುಂದೆ ಅಳುತ್ತಿದ್ದ ವಸ್ತುವನ್ನು ಓಣಿಯಾಚೆಯಿಂದ ಒಬ್ಬರು ಒಡವೆಯಂತೆ ನೋಡುತ್ತಿದ್ದರು! ಬಟ್ಟೆ ಒಣಹಾಕುವ ಬಿದಿರು ಗಳುವಿನ ತುದಿಗೆ ದುರ್ಬೀನನ್ನು ಸಿಕ್ಕಿಸಿ, ಕಿರಿದಾದ ಓಣಿಯ ಮೇಲಿಂದ ಅವರತ್ತ ಚಾಚಿದೆ. "ಒಂದು ಗಂಟೆ ಇಟ್ಕೊಳಿ ಆಪಾ. ಕೆಳಗಡೆಯಿಂದ ಯಾರ್ ಕೂಗುದ್ರೂ ಹೋಗ್ಬ್ಯಾಡಿ."

ಆಪಾ ದುರ್ಬೀನು ಬಿಡಿಸಿಕೊಂಡು, ಗಳುವನ್ನೂ ತಮ್ಮ ಕಡೆಗೆ ಎಳೆದುಕೊಂಡು ಗೋಡೆಗೆ ಒರಗಿಸಿದರು. ಕೆಳಗಿನಿಂದ ಎರಡು ಬಾರಿ ಕೂಗು ಬಂತು. ಅವರು ಹೋಗಲಿಲ್ಲ. ಬಿಸಿಲೇರಿ ಬೆಟ್ಟದ ಗಾಳಿ ಕಾದು ಮೇಲೇಳುವ ಹೊತ್ತಿಗೆ, ಆಪಾ ಇದ್ದಕ್ಕಿದ್ದಂತೆ ಉಸಿರು ಹಿಡಿದರು.

"ಯಾ ಅಲ್ಲಾ! ಎಷ್ಟು ದೊಡ್ಡದು!"

"ಎಲ್ಲಿ? ಎಲ್ಲಿ ಆಪಾ?"

"ಬಂಡೆ ಮ್ಯಾಲೆ ತೇಲ್ತೈತೆ. ರೆಕ್ಕೆ ಒಂದು ದಪಾನೂ ಬಡೀತಿಲ್ಲ. ಹಲಗೆ ತರ ಅಗಲ. ಕತ್ತು ಒಳಕ್ಕೆ ಎಳ್ಕೊಂಡೈತೆ..."

ಬರಿಗಣ್ಣಿಗೆ ಕಂಡದ್ದು ಒಂದು ಚುಕ್ಕೆ. ಅದೂ ಕಣ್ಣೊಳಗಿನ ಕಸವೋ ಏನೋ. "ಗಳು ಈಕಡೆ ಚಾಚಿ ಆಪಾ!" ಎಂದು ಗೋಗರೆದೆ. ಎಡಗೈಯಿಂದ ತಡಕಾಡಿದರೇ ಹೊರತು ಅವರ ಕಣ್ಣು ದುರ್ಬೀನು ಬಿಡಲಿಲ್ಲ. ಬಿಟ್ಟಾಗ ಬೆಟ್ಟದ ಮೇಲೆ ಬರಿಯ ಬಿಳಿ ಆಕಾಶ.

ಗಳು ಮುರಿದುಹಾಕುವಷ್ಟು ಸಿಟ್ಟು ಬಂತು. ನನ್ನ ರಣಹದ್ದು! "ಹೆಂಗಿತ್ತು?" ಎಂದೆ, ಅಳು ತಡೆದುಕೊಂಡು.

ಆಪಾ ದುಪಟ್ಟಾದ ಎರಡು ತುದಿಗಳನ್ನೂ ಮುಷ್ಟಿಯಲ್ಲಿ ಹಿಡಿದರು. ಕತ್ತನ್ನು ಹೆಗಲೊಳಗೆ ಸೇದಿಕೊಂಡು, ತೋಳುಗಳನ್ನು ಉದ್ದಕ್ಕೂ ಚಾಚಿ, ಒಮ್ಮೆಯೂ ಬಡಿಯದೆ, ಗಾಳಿಗೇ ಒರಗಿದವರಂತೆ ತಾರಸಿಯ ಅಂಚಿನಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿದರು. ಗೊರವಂಕಗಳು ಎದ್ದವು. ಬೆಳ್ಳಕ್ಕಿಗಳು ಎದ್ದವು. ಕೊನೆಗೆ ಆ ಕಾಜಾಣವೂ ತಿನ್ನುವುದನ್ನು ಬಿಟ್ಟು ಹಾರಿಹೋಯಿತು.

ನನ್ನ ಹಕ್ಕಿಯನ್ನಷ್ಟೇ ಅಲ್ಲ, ನನ್ನ ವಿದ್ಯೆಯನ್ನೂ ಅವರು ಒಂದೇ ಗಂಟೆಯಲ್ಲಿ ಕಸಿದುಕೊಂಡಿದ್ದರು. ಒಳಗೆಲ್ಲ ಧಗಧಗ ಉರಿಯುತ್ತಿದ್ದಂತೆಯೇ ಹಕ್ಕಿಪಟ್ಟಿಯ ಪುಸ್ತಕ ತೆರೆದು, ಆ ದಿನದ ಪುಟದಲ್ಲಿ 'ರಣಹದ್ದು, ಒಂದು' ಎಂದು ಬರೆದು, ನೋಡಿದವರ ಹೆಸರಿನ ಜಾಗದಲ್ಲಿ ಎರಡು ಹೆಸರು ಹಾಕಿದೆ: ಬೆಟ್ಟದ ಮೇಲೆ ಕಂಡ ಅವರದು, ಅವರ ತಾರಸಿಯ ಮೇಲೆ ಕಂಡ ನನ್ನದು.